ಸಡಿಲಗೊಂಡ ಚುಕ್ಕಾಣಿಗೆ ಜಿ/ಫ್ಲೆಕ್ಸ್ 650: ಎರಡು ಬೇಸಿಗೆಗಳ ಬಳಕೆಯ ನಂತರ ಒಂದು ವಿಮರ್ಶೆ

ಹಾಯಿದೋಣಿಯ ಚುಕ್ಕಾಣಿ ಸಡಿಲವಾಗಿರುವುದು ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತದೆ. ಗಾಳಿ ಬಿರುಸಾಗಿ ದೋಣಿ ಒಂದು ಬದಿಗೆ ವಾಲಿದಾಗ, ಟಿಲ್ಲರ್, ಅಂದರೆ ಚುಕ್ಕಾಣಿ ತಿರುಗಿಸುವ ಹಿಡಿಕೋಲು, ಹಿಡಿದ ಅಂಗೈಗೆ 'ಟಕ್' ಎಂದು ಸಣ್ಣದೊಂದು ಬಡಿತ ಬಂದು ತಾಗುತ್ತದೆ. ನಾವು ತಿರುಗಿಸಿದ್ದಕ್ಕೂ ದೋಣಿ ತಿರುಗಿದ್ದಕ್ಕೂ ನಡುವೆ ಅರೆಕ್ಷಣದ ಅಂತರ ಉಳಿಯುತ್ತದೆ. ನನ್ನ ಮಗಳು ಆ ಬಡಿತವನ್ನು ಮೊದಲು ಗಮನಿಸಿ ಹೇಳಿದಾಗ ನಾನು ಅದನ್ನು ಹಳೆಯ ದೋಣಿಯ ಸಹಜ ಸ್ವಭಾವವೆಂದು ತಿಳಿದು ಸುಮ್ಮನಾದೆ. ಅದೇ ತಪ್ಪಾಯಿತು. ಆ ತಪ್ಪನ್ನು ಸರಿಪಡಿಸಲು ನಾನು ಕೊಂಡು ಬಳಸಿದ ವಸ್ತು ವೆಸ್ಟ್ ಸಿಸ್ಟಮ್‌ನವರ ಜಿ/ಫ್ಲೆಕ್ಸ್ 650 ಎಂಬ, ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಎಪಾಕ್ಸಿ ಅಂಟು. ಎರಡು ಬೇಸಿಗೆಗಳ ಕಾಲ ಅದು ನೀರಿನಲ್ಲಿ, ಬಿಸಿಲಿನಲ್ಲಿ, ನಾವಿರುವ ಅಮೆರಿಕದ ಮಿಶಿಗನ್‌ನ ಒಂದು ಪೂರ್ತಿ ಚಳಿಗಾಲದಲ್ಲಿ ಹೇಗೆ ನಡೆದುಕೊಂಡಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಲೇಸರ್ ವರ್ಗದ ಹಳೆಯ ದೋಣಿ. ಲೇಸರ್ ಎಂದರೆ ಕೆನಡಾದ ಬ್ರೂಸ್ ಕರ್ಬಿ ವಿನ್ಯಾಸಗೊಳಿಸಿದ, ಒಬ್ಬರೇ ನಡೆಸಬಹುದಾದ, ಸುಮಾರು 4.2 ಮೀಟರ್ ಉದ್ದದ, 7.06 ಚದರ ಮೀಟರಿನ ಒಂದೇ ಹಾಯಿಯ ಫೈಬರ್‌ಗ್ಲಾಸ್ ದೋಣಿ. ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ತಯಾರಾಗುತ್ತಿರುವ ಈ ದೋಣಿಗಳು ಜಗತ್ತಿನಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಇವೆ. 1996ರಿಂದ ಒಲಿಂಪಿಕ್ಸ್‌ನಲ್ಲೂ ಇವೆ. 2019ರಿಂದ ಹೊಸ ದೋಣಿಗಳು ಐಎಲ್‌ಸಿಎ ಎಂಬ ಹೆಸರಿನಲ್ಲಿ ಬರುತ್ತಿವೆ. ಇಷ್ಟು ದೊಡ್ಡ ಸಂಖ್ಯೆಯಲ್ಲಿರುವುದರಿಂದಲೇ ಹಳೆಯವು ಅಗ್ಗವಾಗಿ ಸಿಗುತ್ತವೆ, ಮತ್ತು ಅಗ್ಗವಾಗಿ ಸಿಕ್ಕವುಗಳಲ್ಲಿ ಹಲವು ಇಂಥ ರಿಪೇರಿಯನ್ನು ಜೊತೆಗೇ ಹೊತ್ತು ತರುತ್ತವೆ.

ಚುಕ್ಕಾಣಿ ದೋಣಿಗೆ ಕೂರುವ ರೀತಿಯನ್ನು ಮೊದಲು ಹೇಳಬೇಕು. ನಮ್ಮ ಊರಿನ ಹಳೆಯ ಬಾಗಿಲು ಕೀಲಿನ ಮೇಲೆ ತಿರುಗುವಂತೆಯೇ ಇದೂ ತಿರುಗುತ್ತದೆ. ದೋಣಿಯ ಹಿಂಬದಿಯ ಚಪ್ಪಟೆ ಗೋಡೆಗೆ, ಅಂದರೆ ಟ್ರಾನ್ಸಮ್‌ಗೆ, ಮೇಲೊಂದು ಕೆಳಗೊಂದು ಬಳೆಯಂಥ ಕೊಂಡಿಗಳನ್ನು ಸ್ಕ್ರೂ ಹಾಕಿ ಕೂರಿಸಿರುತ್ತಾರೆ, ಇವು ಗಡ್ಜನ್‌ಗಳು. ಚುಕ್ಕಾಣಿಯ ತಲೆಯಲ್ಲಿರುವ ಎರಡು ಮುಳ್ಳುಗಳು, ಅಂದರೆ ಪಿಂಟಲ್‌ಗಳು, ಮೇಲಿನಿಂದ ಈ ಬಳೆಗಳೊಳಗೆ ಇಳಿಯುತ್ತವೆ. ದೋಣಿ ಮಗುಚಿದಾಗ ಚುಕ್ಕಾಣಿ ಕಳಚಿ ಬೀಳದಂತೆ ತಡೆಯಲು ಉಕ್ಕಿನ ಸಣ್ಣ ಕ್ಲಿಪ್ ಒಂದಿರುತ್ತದೆ. ಇಡೀ ವ್ಯವಸ್ಥೆಯ ಭಾರವೆಲ್ಲ ಕೊನೆಗೆ ನಿಲ್ಲುವುದು ಕೆಲವೇ ಸ್ಕ್ರೂಗಳ ಹಲ್ಲುಗಳ ಮೇಲೆ, ಮತ್ತು ಆ ಹಲ್ಲುಗಳು ಕಚ್ಚಿಕೊಂಡಿರುವ ವಸ್ತುವಿನ ಮೇಲೆ.

ಆ ಭಾರ ಎಷ್ಟೆಂಬುದನ್ನು ನಾವು ಸಾಮಾನ್ಯವಾಗಿ ಕಡಿಮೆ ಅಂದಾಜು ಮಾಡುತ್ತೇವೆ. ಎರಡು ಗಡ್ಜನ್‌ಗಳ ನಡುವೆ 20 ಸೆಂಟಿಮೀಟರ್ ಅಂತರವಿದೆ ಎಂದುಕೊಳ್ಳಿ. ನೀರು ಚುಕ್ಕಾಣಿಯ ಅಲಗನ್ನು ಒತ್ತುವ ಬಿಂದು ಕೆಳಗಿನ ಗಡ್ಜನ್‌ನಿಂದ 40 ಸೆಂಟಿಮೀಟರ್ ಕೆಳಗಿದೆ ಎಂದುಕೊಳ್ಳಿ. ನೀರಿನ ಪಕ್ಕದ ಒತ್ತಡ 10 ಕಿಲೋ ತೂಕದಷ್ಟಿದ್ದರೆ, ಸನ್ನೆಗೋಲಿನ ಲೆಕ್ಕದಲ್ಲಿ ಕೆಳಗಿನ ಗಡ್ಜನ್ ಮೇಲೆ 30 ಕಿಲೋ, ಮೇಲಿನದರ ಮೇಲೆ ವಿರುದ್ಧ ದಿಕ್ಕಿನಲ್ಲಿ 20 ಕಿಲೋ ಬೀಳುತ್ತದೆ. ಟಿಲ್ಲರ್ ಅನ್ನು ಆಚೆಗೊಮ್ಮೆ ಈಚೆಗೊಮ್ಮೆ ತಳ್ಳಿದಂತೆಲ್ಲ ಈ ಭಾರವೂ ದಿಕ್ಕು ಬದಲಿಸುತ್ತದೆ. ಒಂದು ಮಧ್ಯಾಹ್ನದ ವಿಹಾರದಲ್ಲಿ ಇದು ಸಾವಿರಾರು ಸಲ ನಡೆಯುತ್ತದೆ. ಗಟ್ಟಿ ಮರದಲ್ಲಿ ಕೂತ ಸ್ಕ್ರೂ ಇದನ್ನು ಹತ್ತಾರು ವರ್ಷ ತಾಳುತ್ತದೆ. ಮೆತ್ತಗಾದ ಮರದಲ್ಲಿ ಕೂತದ್ದು ಒಂದೇ ಬೇಸಿಗೆಯಲ್ಲಿ ತನ್ನ ದುಂಡನೆಯ ರಂಧ್ರವನ್ನು ಮೊಟ್ಟೆಯಾಕಾರಕ್ಕೆ ಹಿಗ್ಗಿಸಿಕೊಳ್ಳುತ್ತದೆ.

ಅಂಟು ಕೊಳ್ಳುವ ಮೊದಲು ಸಡಿಲ ಎಲ್ಲಿದೆ ಎಂದು ಖಚಿತಪಡಿಸಿಕೊಳ್ಳುವುದು ಅಗತ್ಯ, ಏಕೆಂದರೆ ಅಲುಗಾಟ ಮೂರು ಬೇರೆ ಬೇರೆ ಕಡೆ ಹುಟ್ಟಬಹುದು. ಒಬ್ಬರು ಚುಕ್ಕಾಣಿಯ ಅಲಗನ್ನು ಮೆಲ್ಲನೆ ಪಕ್ಕಕ್ಕೆ ಅಲುಗಿಸಬೇಕು, ಇನ್ನೊಬ್ಬರು ಬೆರಳಿನ ತುದಿಯನ್ನು ಗಡ್ಜನ್ ಮತ್ತು ಟ್ರಾನ್ಸಮ್ ಸೇರುವ ಗೆರೆಯ ಮೇಲೆ ಇಟ್ಟಿರಬೇಕು. ಆ ಗೆರೆಯಲ್ಲಿ ಕದಲಿಕೆ ತಿಳಿದರೆ ದೋಷ ಸ್ಕ್ರೂಗಳಲ್ಲಿದೆ. ಅಲ್ಲಿ ಕದಲಿಕೆ ಇಲ್ಲದೆ ಮುಳ್ಳು ಮತ್ತು ಬಳೆಯ ನಡುವೆ ಇದ್ದರೆ ಗಡ್ಜನ್ ಸವೆದಿದೆ, ಅದನ್ನೇ ಬದಲಿಸಬೇಕು. ಅಲಗು ಮತ್ತು ಚುಕ್ಕಾಣಿಯ ತಲೆಯ ನಡುವೆ ಇದ್ದರೆ ಅಲ್ಲಿನ ಬೋಲ್ಟ್ ಬಿಗಿ ಮಾಡಿದರೆ ಸಾಕು. ನಮ್ಮ ದೋಣಿಯಲ್ಲಿ ಕೆಳಗಿನ ಗಡ್ಜನ್ ಇಡಿಯಾಗಿ ಕದಲುತ್ತಿತ್ತು. ಒತ್ತಿದಾಗ ಅದರ ಅಂಚಿನಿಂದ ಕಂದು ಬಣ್ಣದ ನೀರು ಒಂದು ಹನಿ ಹೊರಬಂತು. ಆ ಹನಿ ನನಗೆ ಎಲ್ಲವನ್ನೂ ಹೇಳಬೇಕಿತ್ತು.

ಆದರೆ ಮೊದಲ ವರ್ಷ ನಾನು ಮಾಡಿದ್ದು ಬೇರೆ. ಚಿಕ್ಕಂದಿನಲ್ಲಿ ಶಿವಮೊಗ್ಗದ ಅಜ್ಜನ ಮನೆಯಲ್ಲಿ ಬಾಗಿಲಿನ ಕೀಲು ಸಡಿಲವಾದಾಗ ಬಡಗಿಯು ಸ್ಕ್ರೂ ತೆಗೆದು, ರಂಧ್ರಕ್ಕೆ ಬಿದಿರಿನ ಚೂರನ್ನು ಜಡಿದು, ಅದೇ ಸ್ಕ್ರೂವನ್ನು ಮತ್ತೆ ತಿರುಗಿಸಿ ಕೂರಿಸುತ್ತಿದ್ದುದನ್ನು ನೋಡಿದ್ದೆ. ಆ ನೆನಪಿನಲ್ಲೇ, ಹಲ್ಲುಕಡ್ಡಿಗಳನ್ನು ರಂಧ್ರಕ್ಕೆ ತುಂಬಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಐದು ನಿಮಿಷದ ಎಪಾಕ್ಸಿ ಸುರಿದು, ಸ್ಕ್ರೂ ಬಿಗಿದೆ. ಗ್ಯಾರೇಜಿನಲ್ಲಿ ಅದು ಕಬ್ಬಿಣದಂತೆ ಗಟ್ಟಿಯಾಗಿ ನಿಂತಿತು. ಸುಮಾರು ಎರಡು ತಿಂಗಳ ನಂತರ ಕೆನ್ಸಿಂಗ್‌ಟನ್ ಮೆಟ್ರೋಪಾರ್ಕಿನ ಕೆಂಟ್ ಲೇಕ್‌ನಲ್ಲಿ, ಒಳ್ಳೆಯ ಗಾಳಿಯಿದ್ದ ಒಂದು ಶನಿವಾರ, ಮಗಳು ಒಬ್ಬಳೇ ದೋಣಿಯಲ್ಲಿದ್ದಾಗ ಗಡ್ಜನ್‌ನ ಒಂದು ಬದಿಯ ಸ್ಕ್ರೂ ಪೂರ್ತಿ ಕಿತ್ತುಬಂತು. ಅವಳು ಹಾಯಿಯನ್ನು ಸಡಿಲಬಿಟ್ಟು, ದೇಹದ ಭಾರವನ್ನು ಅತ್ತಿತ್ತ ಹೊರಳಿಸುತ್ತ ದೋಣಿಯನ್ನು ಹೇಗೋ ದಡಕ್ಕೆ ತಂದಳು. ದಡದಲ್ಲಿ ನಿಂತು ಅದನ್ನು ನೋಡುತ್ತಿದ್ದ ಆ ಇಪ್ಪತ್ತು ನಿಮಿಷಗಳನ್ನು ನಾನು ಮರೆಯಲಾರೆ.

ಬಡಗಿಯ ಉಪಾಯ ಮನೆಯ ಬಾಗಿಲಿಗೆ ಸರಿಯಾದದ್ದೇ. ಅಲ್ಲಿ ಚೌಕಟ್ಟಿನ ಮರ ಒಣಗಿರುತ್ತದೆ, ಗಟ್ಟಿಯಾಗಿರುತ್ತದೆ. ಹಾಳಾದದ್ದು ರಂಧ್ರ ಮಾತ್ರ. ದೋಣಿಯಲ್ಲಿ ಹಾಳಾಗಿದ್ದುದು ಮರವೇ. ಫೈಬರ್‌ಗ್ಲಾಸ್‌ನ ಟ್ರಾನ್ಸಮ್ ತೆಳುವಾದ್ದರಿಂದ ಸ್ಕ್ರೂಗಳಿಗೆ ಹಿಡಿತ ಸಿಗಲೆಂದು ಒಳಗಡೆ ಮರದ ತುಂಡೊಂದನ್ನು ಅಂಟಿಸಿ ಮುಚ್ಚಿರುತ್ತಾರೆ. ನಮ್ಮ ದೋಣಿಯಲ್ಲಿ ಇದ್ದದ್ದು ಪ್ಲೈವುಡ್. ನೀರು ತಡೆಯಲು ಸ್ಕ್ರೂವಿನ ಸುತ್ತ ಹಾಕಿದ್ದ ಸೀಲಂಟ್ ವರ್ಷಗಳು ಕಳೆದಂತೆ ಬಿರುಕು ಬಿಟ್ಟಾಗ ನೀರು ಒಳಗಿಳಿಯುತ್ತದೆ. ಅದಕ್ಕೆ ದೋಣಿಯೇ ನೆರವಾಗುತ್ತದೆ: ಬಿಸಿಲಿನಲ್ಲಿ ಕಾದ ಟೊಳ್ಳು ದೋಣಿಯನ್ನು ತಣ್ಣನೆಯ ನೀರಿಗೆ ಇಳಿಸಿದೊಡನೆ ಒಳಗಿನ ಗಾಳಿ ಕುಗ್ಗಿ, ಸಿಕ್ಕ ಬಿರುಕುಗಳಿಂದೆಲ್ಲ ನೀರನ್ನು ಒಳಗೆಳೆದುಕೊಳ್ಳುತ್ತದೆ. ಇದನ್ನು ತಪ್ಪಿಸಲೆಂದೇ ಲೇಸರ್‌ನ ಕಾಕ್‌ಪಿಟ್‌ನ, ಅಂದರೆ ನಡೆಸುವವರು ಕಾಲಿಳಿಬಿಡುವ ತಗ್ಗಿನ, ಮುಂಬದಿಯಲ್ಲಿ ಸೂಜಿಯ ಕಣ್ಣಿಗಿಂತ ತುಸುವೇ ದೊಡ್ಡದಾದ ಗಾಳಿರಂಧ್ರವೊಂದನ್ನು ಇಟ್ಟಿದ್ದಾರೆ; ನಮ್ಮ ದೋಣಿಯಲ್ಲಿ ಅದು ಹಳೆಯ ಮೇಣದಿಂದ ಮುಚ್ಚಿಹೋಗಿತ್ತು. ಇನ್ನು ಮಿಶಿಗನ್‌ನ ಚಳಿಗಾಲ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ಒದ್ದೆಯಾದ ಪ್ಲೈವುಡ್‌ನ ಪದರಗಳು ಪ್ರತಿ ಜನವರಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಚ್ಚಿಕೊಳ್ಳುತ್ತವೆ. ಹುತ್ತ ಬಡಿದರೆ ಹಾವು ಸಾಯುವುದಿಲ್ಲ ಎಂಬಂತೆ, ಮೇಲಿನಿಂದ ಸ್ಕ್ರೂ ಎಷ್ಟು ಬಿಗಿದರೂ ಒಳಗಿನ ಈ ಕೊಳೆ ತನ್ನ ಕೆಲಸ ಮಾಡುತ್ತಲೇ ಇರುತ್ತದೆ.

ಆ ಶನಿವಾರದ ನಂತರ ನಾನು ಜಿ/ಫ್ಲೆಕ್ಸ್ ಕೊಂಡೆ. ಇದನ್ನು ತಯಾರಿಸುವ ಗೌಜನ್ ಬ್ರದರ್ಸ್ ನಮ್ಮ ಮಿಶಿಗನ್ ರಾಜ್ಯದವರೇ. ಹ್ಯುರಾನ್ ಸರೋವರದ ಸ್ಯಾಗಿನಾ ಕೊಲ್ಲಿಯ ಬಳಿಯ ಬೇ ಸಿಟಿಯಲ್ಲಿ 1969ರಲ್ಲಿ ಮೂವರು ಸಹೋದರರು ಆರಂಭಿಸಿದ ಸಂಸ್ಥೆ. ಮಂಜುಗಡ್ಡೆಯ ಮೇಲೆ ಓಡುವ ಐಸ್‌ಬೋಟ್‌ಗಳನ್ನೂ ಮರದ ದೋಣಿಗಳನ್ನೂ ಕಟ್ಟುತ್ತಿದ್ದ ಈ ಸಹೋದರರು ಮರವನ್ನು ಎಪಾಕ್ಸಿಯಿಂದ ನೆನೆಸಿ ನೀರಿನಿಂದ ಕಾಪಾಡುವ ವಿಧಾನವನ್ನು ರೂಢಿಗೆ ತಂದವರು. ಅವರ ಹಳೆಯ, ಹೆಚ್ಚು ಪ್ರಸಿದ್ಧವಾದ ಉತ್ಪನ್ನ 105 ರಾಳ. ಅದಕ್ಕೆ 205 ಅಥವಾ 206 ಗಟ್ಟಿಕಾರಕವನ್ನು 5:1 ಪ್ರಮಾಣದಲ್ಲಿ ಬೆರೆಸಬೇಕು. ಜಿ/ಫ್ಲೆಕ್ಸ್ ಅದರ ತಮ್ಮನಂತೆ ನಂತರ ಬಂದದ್ದು, ಸ್ವಭಾವ ಬೇರೆ.

ಆ ಸ್ವಭಾವವೇ ಈ ಕೆಲಸಕ್ಕೆ ಅದನ್ನು ಆರಿಸಲು ಕಾರಣ. ಸಾಮಾನ್ಯ ಎಪಾಕ್ಸಿ ಗಟ್ಟಿಯಾದ ಮೇಲೆ ಬಹಳ ಬಿರುಸು. ಬಾಗುವ ಮೊದಲೇ ಬಿರಿಯುತ್ತದೆ. ಸೀಲಂಟ್‌ಗಳು ರಬ್ಬರಿನಂತೆ ಬಾಗುತ್ತವೆ, ಆದರೆ ಸ್ಕ್ರೂವಿನ ಹಲ್ಲುಗಳಿಗೆ ಹಿಡಿತ ಕೊಡುವಷ್ಟು ಗಟ್ಟಿಯಿರುವುದಿಲ್ಲ. ಜಿ/ಫ್ಲೆಕ್ಸ್ ಇವೆರಡರ ನಡುವೆ, ಎಪಾಕ್ಸಿಯ ಕಡೆಗೇ ಹೆಚ್ಚು ವಾಲಿಕೊಂಡು ನಿಲ್ಲುತ್ತದೆ. ತಯಾರಕರು ಹೇಳುವ ಪ್ರಕಾರ ಅದರ ಸ್ಥಿತಿಸ್ಥಾಪಕತ್ವದ ಗುಣಾಂಕ (ಇದು ಹೆಚ್ಚಿದ್ದಷ್ಟೂ ವಸ್ತು ಬಾಗುವುದು ಕಡಿಮೆ) 1,50,000 ಪಿಎಸ್‌ಐ. ಸಾಮಾನ್ಯ ದೋಣಿ ಎಪಾಕ್ಸಿಗಳದ್ದು ಇದರ ಎರಡೂವರೆ ಮೂರು ಪಟ್ಟು. ಆಚೆ ಈಚೆ ದಿಕ್ಕು ಬದಲಿಸುವ ಭಾರಕ್ಕೆ, ಬಿಸಿಲು ಮತ್ತು ಹಿಮದಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವ ಲೋಹ, ಮರ, ಫೈಬರ್‌ಗ್ಲಾಸ್‌ಗಳ ಜೋಡಣೆಗೆ, ಕೂದಲೆಳೆಯಷ್ಟು ಬಳುಕುವ ಅಂಟು ಬೇಕು. ಕೊಡಲಿಯ ಕಾವಿಗೆ ಬಡಗಿ ಬೀಟೆಯಂಥ ಬಿರುಸು ಮರವನ್ನು ಬಿಟ್ಟು, ಪೆಟ್ಟನ್ನು ನುಂಗಿಕೊಳ್ಳುವ ಮರವನ್ನು ಹುಡುಕುವುದೂ ಇದೇ ಕಾರಣಕ್ಕೆ.

ಎರಡನೆಯ ಅನುಕೂಲ ಬೆರಸುವ ಪ್ರಮಾಣ. ನಾನು ಕೊಂಡ ಪೊಟ್ಟಣದಲ್ಲಿ ತಲಾ 4 ಔನ್ಸ್‌ನ ಎರಡು ಬಾಟಲಿಗಳಿದ್ದವು, ಒಂದರಲ್ಲಿ ರಾಳ, ಇನ್ನೊಂದರಲ್ಲಿ ಗಟ್ಟಿಕಾರಕ. ಬೆಲೆ ನಲವತ್ತು ಡಾಲರ್‌ಗಳ ಆಸುಪಾಸು. ಎರಡನ್ನೂ ಸಮಸಮ ಅಳತೆಯಲ್ಲಿ ಬೆರೆಸಿದರೆ ಆಯಿತು. ಒಂದು ಟೀಚಮಚದಷ್ಟು ಸಾಕಾಗುವ ಸಣ್ಣ ರಿಪೇರಿಯಲ್ಲಿ 5:1ರ ಲೆಕ್ಕ ತಪ್ಪುವುದು ಸುಲಭ. ತಪ್ಪಿದರೆ ಅಂಟು ಎಂದೂ ಪೂರ್ತಿ ಗಟ್ಟಿಯಾಗದೆ ಮೇಣದಂತೆ ಉಳಿಯುತ್ತದೆ. ಸಮ ಅಳತೆಯಲ್ಲಿ ಆ ಭಯವಿಲ್ಲ. ಮೂರನೆಯದು ಸಮಯ: 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆರೆಸಿದ ಬಟ್ಟಲಲ್ಲಿ ಅದು ಸುಮಾರು 46 ನಿಮಿಷ ಬಳಸಲು ಯೋಗ್ಯವಾಗಿರುತ್ತದೆ, ತೆಳುವಾಗಿ ಹರಡಿದರೆ ಒಂದು ಗಂಟೆಗೂ ಮೀರಿ. ಐದು ನಿಮಿಷದ ಅಂಟಿನೊಂದಿಗೆ ಓಡುತ್ತ ಕೆಲಸ ಮಾಡಿದ್ದ ನನಗೆ ಈ ಬಿಡುವು ದೊಡ್ಡ ಉಪಕಾರವಾಗಿ ಕಂಡಿತು. ರಂಧ್ರದ ತಳದವರೆಗೂ ಅಂಟು ಇಳಿದಿದೆಯೇ, ಗಾಳಿಯ ಗುಳ್ಳೆ ಉಳಿದಿದೆಯೇ ಎಂದು ಸಮಾಧಾನದಿಂದ ನೋಡಬಹುದು.

ಇನ್ನು ಕೆಲಸದ ಬಗ್ಗೆ. ಒದ್ದೆಯಾದ ಮರಕ್ಕೂ ಈ ಅಂಟು ಹಿಡಿಯುತ್ತದೆ ಎಂದು ತಯಾರಕರು ಹೇಳುತ್ತಾರೆ, ಆ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತೇವ ತಾಗಿದ ಗಟ್ಟಿ ಮರ ಬೇರೆ, ನೀರು ಕುಡಿದು ಕೊಳೆತ ಮರ ಬೇರೆ. ಕೊಳೆತದ್ದಕ್ಕೆ ಎಂಥ ಅಂಟು ಹಾಕಿದರೂ ಅದು ಕೊಳೆಗೇ ಅಂಟುತ್ತದೆ, ಕೊಳೆಯೊಂದಿಗೇ ಕಿತ್ತುಬರುತ್ತದೆ. ಹೀಗಾಗಿ ಬಾಟಲಿಗಳನ್ನು ಕೊಂಡ ಮೇಲೂ ಐದು ವಾರ ಅವುಗಳ ಮುಚ್ಚಳ ತೆರೆಯಲಿಲ್ಲ.

ಮೊದಲು ಗಡ್ಜನ್‌ಗಳನ್ನು ತೆಗೆದು, ಅವುಗಳ ಜಾಗವನ್ನು ಟ್ರಾನ್ಸಮ್ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಮಾಡಿದೆ. ಹಿಂದಿನ ಮಾಲೀಕರು ಹಾಯಿಕಂಬದ ಬುಡದ ಬಳಿ ಕೈ ಹೋಗುವಷ್ಟು ಅಗಲದ ತಪಾಸಣೆ ಕಿಂಡಿಯೊಂದನ್ನು ಕೊರೆಸಿದ್ದರು. ಅದರ ಮುಚ್ಚಳ ಬಿಚ್ಚಿ, ಹಳೆಯ ಕಂಪ್ಯೂಟರಿನ ಸಣ್ಣ ಫ್ಯಾನ್ ಒಂದನ್ನು ಕಿಂಡಿಗೆ ಕಟ್ಟಿ, ಟ್ರಾನ್ಸಮ್‌ನ ನೀರಿಳಿಯುವ ಬೂಚನ್ನು ತೆರೆದಿಟ್ಟೆ. ಗಾಳಿ ಮುಂದಿನಿಂದ ಹೊಕ್ಕು ಇಡೀ ಹೊಟ್ಟೆಯನ್ನು ಸುತ್ತಿ ಹಿಂದಿನಿಂದ ಹೊರಬರತೊಡಗಿತು. ಸ್ನಾನದ ಮನೆಯ ತೂಕದ ಯಂತ್ರದ ಮೇಲೆ ದೋಣಿ ಆರಂಭದಲ್ಲಿ 66 ಕಿಲೋ ತೂಗಿತ್ತು. ಐದು ವಾರಗಳ ನಂತರ 62. ಹೊಸ ಲೇಸರ್‌ನ ಒಡಲು ತೂಗುವುದು ಸುಮಾರು 59 ಕಿಲೋ. ನಾಲ್ಕು ಕಿಲೋ ನೀರನ್ನು ನಾವು ಪ್ರತಿ ವಾರ ಹೊತ್ತು ತಿರುಗುತ್ತಿದ್ದೆವು.

ಆಮೇಲೆ ಕೊಳೆಯನ್ನು ತೆಗೆಯುವ ಕೆಲಸ. ಡ್ರಿಲ್‌ನ ಬೈರಿಗೆಗೆ ಟೇಪ್ ಸುತ್ತಿ ಆಳದ ಗುರುತು ಮಾಡಿಕೊಳ್ಳಬೇಕು, ಇಲ್ಲವಾದರೆ ಮರದ ಹಿಂಬದಿಯನ್ನೂ ದಾಟಿ ಟೊಳ್ಳಿಗೆ ಹೋಗುತ್ತದೆ. ಆಗ ಸುರಿದ ಅಂಟೆಲ್ಲ ದೋಣಿಯ ಹೊಟ್ಟೆ ಸೇರುತ್ತದೆ. ಹಳೆಯ ರಂಧ್ರವನ್ನು ಸ್ಕ್ರೂವಿನ ಎರಡು ಪಟ್ಟು ವ್ಯಾಸಕ್ಕೆ ಹಿಗ್ಗಿಸುತ್ತ ಹೋದಂತೆ ಮೊದಲು ಕಾಫಿ ಗಸಿಯಂಥ ಕಪ್ಪು ಪುಡಿ ಬಂತು, ಹಸಿ ಮಣ್ಣಿನ ವಾಸನೆಯೊಂದಿಗೆ. ಬಳಿಕ ಸಣ್ಣ ಅಲೆನ್ ಕೀ ಒಂದನ್ನು ಗಿಡ್ಡಗೆ ಕತ್ತರಿಸಿ, ಅದರ ಬಾಗಿದ ತುದಿ ಒಳಗೆ ತಿರುಗುವಂತೆ ಡ್ರಿಲ್‌ಗೆ ಸಿಕ್ಕಿಸಿದೆ. ಹೊರಗಿನ ರಂಧ್ರವನ್ನು ದೊಡ್ಡದು ಮಾಡದೆಯೇ ಅದು ಒಳಗಿನ ಮೆತ್ತನೆಯ ಮರವನ್ನೆಲ್ಲ ಸುತ್ತಲೂ ಕೆರೆದು ತೆಗೆಯುತ್ತದೆ, ಗಟ್ಟಿ ಮರ ಸಿಕ್ಕಲ್ಲಿ ತಾನಾಗಿ ತಡೆದು ನಿಲ್ಲುತ್ತದೆ. ಹಳದಿ ಬಣ್ಣದ ಒಣ ಹೊಟ್ಟು ಬೀಳುವವರೆಗೂ ಕೆರೆದೆ. ಕೆಳಗಿನ ಗಡ್ಜನ್‌ನ ಎಡ ರಂಧ್ರದಲ್ಲಿ ಹೆಬ್ಬೆರಳಿನ ಗಾತ್ರದ ಗುಹೆಯೇ ಆಯಿತು. ಪ್ಲೈವುಡ್‌ನ ಬಹುಭಾಗ ಹೀಗೆ ಹೋಗಿದ್ದರೆ ಹೊರಗಿನಿಂದ ತುಂಬುವ ಈ ವಿಧಾನ ಸಾಲದು. ಒಳಗೆ ಕೈ ಹಾಕಿ ತುಂಡನ್ನೇ ಬದಲಿಸಬೇಕಾಗುತ್ತದೆ. ಲೇಸರ್ ವರ್ಗದ ನಿಯಮಗಳೂ 153 ಮಿಲಿಮೀಟರ್ ಒಳವ್ಯಾಸದವರೆಗಿನ, ನೀರು ಹೋಗದ ತಿರುಪು ಮುಚ್ಚಳದ ಕಿಂಡಿಗಳಿಗೆ ಅವಕಾಶ ಕೊಟ್ಟಿವೆ. ನಮ್ಮ ಅದೃಷ್ಟಕ್ಕೆ ಸುತ್ತಲಿನ ಮರ ಗಟ್ಟಿಯಿತ್ತು.

ಅಂಟು ಹಾಕಿದ ದಿನ ಬಾಟಲಿಗಳನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನಿಲ್ಲಿಸಿದೆ. ಜಿ/ಫ್ಲೆಕ್ಸ್ ಜೇನುತುಪ್ಪದಷ್ಟು ಮಂದ. ಬೆಚ್ಚಗಾದರೆ ತೆಳುವಾಗಿ ಮರದ ನಾರಿನೊಳಗೆ ಇಳಿಯುತ್ತದೆ. ಏನನ್ನೂ ಸೇರಿಸದ ಬರಿಯ ಅಂಟನ್ನು ಸಿರಿಂಜ್‌ನಿಂದ ರಂಧ್ರಗಳಿಗೆ ತುಂಬಿ, ಪೈಪ್ ಕ್ಲೀನರ್‌ನಿಂದ ಒಳಗೋಡೆಗಳಿಗೆಲ್ಲ ಸವರಿ, ಮರ ಕುಡಿಯುವಷ್ಟು ಕುಡಿಯಲು ಹದಿನೈದು ನಿಮಿಷ ಬಿಟ್ಟೆ. ಎರಡು ಸಲ ಮತ್ತೆ ತುಂಬಬೇಕಾಯಿತು. ನಂತರ ಉಳಿದ ಅಂಟಿಗೆ ಅದೇ ಸಂಸ್ಥೆಯ 404 ಎಂಬ ಸಾಂದ್ರ ಪುಡಿಯನ್ನು ಬೆರೆಸುತ್ತ ಹೋದೆ. ದೋಸೆ ಹಿಟ್ಟಿನ ಹದಕ್ಕೆ ನಿಲ್ಲಿಸಿದರೆ ಅದು ನಿಂತ ಗೋಡೆಯಿಂದ ಜಾರಿ ಹೊರಬರುತ್ತದೆ. ಚಮಚ ಬೋರಲು ಹಾಕಿದರೂ ಬೀಳದ, ಗಟ್ಟಿ ಕಾಯಿಚಟ್ನಿಯ ಹದ ಬೇಕು. ಸಿರಿಂಜ್‌ನ ತುದಿಯನ್ನು ಅಗಲ ಮಾಡಿ, ರಂಧ್ರದ ತಳಕ್ಕೆ ಮುಟ್ಟಿಸಿ, ಒತ್ತುತ್ತ ಒತ್ತುತ್ತ ಹಿಂದಕ್ಕೆ ಎಳೆದುಕೊಂಡರೆ ಗಾಳಿ ಸಿಕ್ಕಿಹಾಕಿಕೊಳ್ಳುವುದಿಲ್ಲ. ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಟೇಪ್.

ಕೈಗವಸಿನ ವಿಷಯದಲ್ಲಿ ಯಾರೂ ಉದಾಸೀನ ಮಾಡಬಾರದು. ಗಟ್ಟಿಯಾಗದ ಎಪಾಕ್ಸಿ ಚರ್ಮಕ್ಕೆ ತಾಗುತ್ತ ಹೋದರೆ ಕ್ರಮೇಣ ಅಲರ್ಜಿ ಹುಟ್ಟಿಸುತ್ತದೆ, ಒಮ್ಮೆ ಹುಟ್ಟಿದರೆ ಅದು ಮತ್ತೆ ಹೋಗುವುದು ಕಷ್ಟ. ನೈಟ್ರೈಲ್ ಕೈಗವಸು ಹಾಕಿಕೊಳ್ಳಬೇಕು. ಅಕಸ್ಮಾತ್ ಚರ್ಮಕ್ಕೆ ತಾಗಿದರೆ ಅಸಿಟೋನ್ ಅಥವಾ ಥಿನ್ನರ್‌ನಿಂದ ಉಜ್ಜಬಾರದು, ಅದು ರಾಳವನ್ನು ಇನ್ನಷ್ಟು ಒಳಗೆ ಒಯ್ಯುತ್ತದೆ, ಸೋಪಿನಿಂದಲೇ ತೊಳೆಯಬೇಕು.

ಗಟ್ಟಿಯಾಗುವುದಕ್ಕೆ ಈ ಅಂಟು ತೆಗೆದುಕೊಳ್ಳುವ ಕಾಲ ಆತುರವಿರುವವರಿಗೆ ಒಗ್ಗದು. ಕೋಣೆಯ ಬಿಸಿಯಲ್ಲಿ 7ರಿಂದ 10 ಗಂಟೆಗಳಲ್ಲಿ ಅದು ಕೆಲಸಕ್ಕೆ ಬರುವಷ್ಟು ಗಟ್ಟಿಯಾಗುತ್ತದೆ, ಹೆಚ್ಚಿನ ಭಾರ ಹೊರಿಸಲು 24 ಗಂಟೆ ಕಾಯಬೇಕು ಎಂಬುದು ತಯಾರಕರ ಸೂಚನೆ. ನಮ್ಮ ಗ್ಯಾರೇಜಿನಲ್ಲಿ ಅಕ್ಟೋಬರ್ ತಿಂಗಳ 14–15 ಡಿಗ್ರಿ ಇತ್ತು. ಮರುದಿನ ಬೆಳಿಗ್ಗೆ ಉಗುರಿನಿಂದ ಒತ್ತಿದಾಗ ಗುರುತು ಬಿದ್ದದ್ದನ್ನು ಕಂಡು ಗಾಬರಿಯಾಗಿ ಸಂಸ್ಥೆಯ ತಾಂತ್ರಿಕ ಸಹಾಯವಾಣಿಗೆ ಕರೆ ಮಾಡಿದೆ. ದೂರವಾಣಿಯಲ್ಲಿ ಮಾತಾಡಿದವರು ದೋಣಿ ಬಲ್ಲವರು. ಎಷ್ಟು ಡಿಗ್ರಿ, ಎಷ್ಟು ಪುಡಿ, ರಂಧ್ರದ ಆಳ ಎಷ್ಟು ಎಂದು ಕೇಳಿ, ಚಳಿಗೆ ನಿಧಾನವಾಗಿದೆ, ಇನ್ನೂ ಎರಡು ದಿನ ಮುಟ್ಟಬೇಡಿ ಎಂದರು. ಮೂರನೆಯ ದಿನ ಉಗುರು ಜಾರಿತು. ನಲವತ್ತು ಡಾಲರಿನ ಗ್ರಾಹಕನಿಗೆ ಹತ್ತು ನಿಮಿಷ ಕೊಟ್ಟ ಆ ಸೌಜನ್ಯವನ್ನು ಈ ವಿಮರ್ಶೆಯಲ್ಲಿ ದಾಖಲಿಸಲೇಬೇಕು.

ಮತ್ತೆ ರಂಧ್ರ ಕೊರೆಯುವಾಗ ಅತಿ ಮುಖ್ಯವಾದದ್ದು ಎರಡು ಗಡ್ಜನ್‌ಗಳ ಬಳೆಗಳು ಒಂದೇ ನೇರದಲ್ಲಿರುವುದು. ಪೆನ್ಸಿಲ್ ಗುರುತೊಂದನ್ನೇ ನಂಬದೆ, ಪಿಂಟಲ್‌ನಷ್ಟೇ ದಪ್ಪದ ನೇರ ಸರಳೊಂದನ್ನು ಎರಡೂ ಬಳೆಗಳಲ್ಲಿ ತೂರಿಸಿ, ಅದು ಸಲೀಸಾಗಿ ತಿರುಗುವ ಸ್ಥಿತಿಯಲ್ಲಿ ಗಡ್ಜನ್‌ಗಳನ್ನು ಟೇಪಿನಿಂದ ಹಿಡಿದು ರಂಧ್ರಗಳ ಕೇಂದ್ರವನ್ನು ಗುರುತಿಸಿದೆ. ಒಂದು ಮಿಲಿಮೀಟರ್ ಓರೆಯಾದರೂ ಚುಕ್ಕಾಣಿ ತಿರುಗುವಾಗಲೆಲ್ಲ ಸ್ಕ್ರೂಗಳನ್ನು ತಾನೇ ಎಳೆಯತೊಡಗುತ್ತದೆ. ಜಿ/ಫ್ಲೆಕ್ಸ್ ತುಂಬಿದ ಜಾಗ ಕೊರೆಯುವಾಗ ಹೇಗಿರುತ್ತದೆ ಎಂದು ಕುತೂಹಲವಿತ್ತು. ಗಾಜಿನಂತೆ ಸಿಡಿಯದೆ, ಒಳ್ಳೆಯ ತೇಗದಂತೆ ಉದ್ದುದ್ದ ಸುರುಳಿಯಾಗಿ ಬಂತು. ಹಳೆಯ ಸ್ಕ್ರೂಗಳ ಕತ್ತಿನಲ್ಲಿ ತುಕ್ಕಿನ ಗುಳಿಗಳಿದ್ದವು. ಸ್ಟೇನ್‌ಲೆಸ್ ಉಕ್ಕಿಗೆ ತನ್ನ ಹೊಳಪಿನ ಪದರ ಉಳಿಸಿಕೊಳ್ಳಲು ಆಮ್ಲಜನಕ ಬೇಕು, ಒದ್ದೆ ಮರದೊಳಗೆ ಅದು ಸಿಗದೆ ಒಳಗೊಳಗೇ ತಿಂದುಹೋಗುತ್ತದೆ. ಹೀಗಾಗಿ ಅದೇ ಅಳತೆಯ 316 ದರ್ಜೆಯ ಹೊಸ ಸ್ಕ್ರೂಗಳನ್ನು ತಂದೆ. ಮೊದಲ ಸಲ ತಿರುಗಿಸುವಾಗ ಹಲ್ಲುಗಳಿಗೆ ಸ್ವಲ್ಪ ಮೇಣ ಸವರಿದರೆ ಒಳಗೆ ಸಲೀಸಾಗಿ ಇಳಿಯುತ್ತವೆ.

ಸ್ಕ್ರೂಗಳ ಸುತ್ತ ನೀರು ತಡೆಯಲು ಮಾತ್ರ ಈ ಎಪಾಕ್ಸಿಯನ್ನು ಬಳಸಬಾರದೆಂಬುದು ನನ್ನ ಅಭಿಪ್ರಾಯ. ಹಾಗೆಯೇ ಶಾಶ್ವತವಾಗಿ ಹಿಡಿಯುವ ಪಾಲಿಯುರೇಥೇನ್ ಸೀಲಂಟ್ ಕೂಡ ಇಲ್ಲಿ ಬೇಡ. ಹಿಂದೆ ಯಾರೋ ಹಾಕಿದ್ದ ಅಂಥದೊಂದನ್ನು ಬಿಡಿಸುವಾಗ ಟ್ರಾನ್ಸಮ್‌ನ ಬಿಳಿ ಹೊರಲೇಪ, ಅಂದರೆ ಜೆಲ್‌ಕೋಟ್, ನಾಣ್ಯದಗಲ ಕಿತ್ತುಬಂತು. ಗಡ್ಜನ್ ಎಂದರೆ ಎಂದಾದರೊಮ್ಮೆ ಬಿಚ್ಚಲೇಬೇಕಾದ ಭಾಗ. ನಾನು ಬಳಸಿದ್ದು ಬ್ಯುಟೈಲ್ ಟೇಪ್, ಬೆಲ್ಲದ ಪಾಕದಂತೆ ಎಳೆದರೆ ಬರುವ, ಎಂದೂ ಪೂರ್ತಿ ಗಟ್ಟಿಯಾಗದ ಮೇಣ. ರಂಧ್ರದ ಬಾಯಿಯನ್ನು ತುಸು ಇಳಿಜಾರಾಗಿ ಕೆರೆದರೆ ಸ್ಕ್ರೂ ಬಿಗಿದಂತೆ ಬ್ಯುಟೈಲ್ ಆ ಇಳಿಜಾರಿನಲ್ಲಿ ಉಂಗುರದಂತೆ ಕೂರುತ್ತದೆ. ಎಲ್ಲ ಮುಗಿದ ಮೇಲೆ ಬೂಚು ಮತ್ತು ಕಿಂಡಿಗಳನ್ನು ಮುಚ್ಚಿ, ಗಾಳಿರಂಧ್ರಕ್ಕೆ ಕೊಳವೆ ಹಿಡಿದು ಬಾಯಿಂದಲೇ ಊದಿ, ಗಡ್ಜನ್ ಸುತ್ತ ಸೋಪಿನ ನೀರು ಸವರಿದೆವು. ಗುಳ್ಳೆ ಏಳಲಿಲ್ಲ. ಈ ಪರೀಕ್ಷೆಗೆ ಟೈರಿಗೆ ಗಾಳಿ ತುಂಬುವ ಕಂಪ್ರೆಸರ್ ಎಂದೂ ಬಳಸಬಾರದು, ದೋಣಿಯ ಬೆಸುಗೆಯೇ ಬಿಚ್ಚಿಕೊಂಡೀತು.

ಎರಡು ಬೇಸಿಗೆಗಳಲ್ಲಿ ದೋಣಿ ಸುಮಾರು ಅರವತ್ತು ಸಲ ನೀರಿಗಿಳಿದಿದೆ, ಎಷ್ಟೋ ಸಲ ಮಗುಚಿದೆ, ಎರಡು ಸಲ ಚುಕ್ಕಾಣಿಯ ಅಲಗು ಮರಳಿಗೆ ತಾಗಿದೆ. ಈ ಮೇ ತಿಂಗಳಲ್ಲಿ ಪರೀಕ್ಷೆಗೆಂದು ಎಲ್ಲ ಸ್ಕ್ರೂಗಳನ್ನೂ ತಿರುಪುಳಿಯಿಂದ ಬಿಗಿಯಲು ನೋಡಿದೆ. ಕಾಲು ಸುತ್ತೂ ಮುಂದಕ್ಕೆ ಹೋಗಲಿಲ್ಲ. ಬೆರಳಿಟ್ಟು ನೋಡುವ ಹಳೆಯ ಪರೀಕ್ಷೆಯಲ್ಲಿ ಯಾವ ಕದಲಿಕೆಯೂ ಇಲ್ಲ. ಒಂದೇ ಒಂದು ಬದಲಾವಣೆ: ಗಡ್ಜನ್‌ನ ಅಂಚಿನಿಂದ ಹೊರಗೆ ಉಳಿದಿದ್ದ ಅಂಟಿನ ಸಣ್ಣ ಗೆರೆ ಬಿಸಿಲಿಗೆ ಹಳದಿಯಾಗಿದೆ. ಸೂರ್ಯನ ಬೆಳಕು ಎಪಾಕ್ಸಿಗಳಿಗೆ ಆಗಿಬರುವುದಿಲ್ಲ, ಹೊರಗೆ ಕಾಣುವ ಕಡೆ ಮೇಲೆ ಬಣ್ಣ ಬಳಿಯಬೇಕು, ನಾನು ಬಳಿದಿರಲಿಲ್ಲ.

ಯಾರು ಕೊಳ್ಳಬೇಕು ಎಂದರೆ, ಲೇಸರ್, ಸನ್‌ಫಿಶ್, ಆಪ್ಟಿಮಿಸ್ಟ್‌ನಂಥ ಸಣ್ಣ ದೋಣಿಯಲ್ಲಿ ಒಂದೆರಡು ಕಡೆ ಸ್ಕ್ರೂ ಹಿಡಿತ ಕಳೆದುಕೊಂಡಿರುವವರು ನಿಸ್ಸಂಕೋಚವಾಗಿ ಕೊಳ್ಳಬಹುದು. ಟ್ರಾನ್ಸಮ್ ಪೂರ್ತಿ ಹೊಸದಾಗಿ ಕಟ್ಟುವವರಿಗೆ ಈ ಸಣ್ಣ ಬಾಟಲಿ ದುಬಾರಿಯಾಗುತ್ತದೆ, ಅವರಿಗೆ ಅದೇ ಸಂಸ್ಥೆಯ 105 ರಾಳವೇ ಸರಿ. ಪುಡಿ ಬೆರೆಸುವ ಗೊಡವೆ ಬೇಡವೆಂದರೆ ಮೊದಲೇ ಗಟ್ಟಿಮಾಡಿದ 655 ಎಂಬ ರೂಪವೂ ಇದೆ. ಆದರೆ ಮರದ ನಾರಿನೊಳಗೆ ಇಳಿಯಬೇಕಾದ ಇಂಥ ಕೆಲಸಕ್ಕೆ ತೆಳುವಾದ 650 ಮೇಲು. ನಮ್ಮ ಕರಾವಳಿಯಲ್ಲಿ ಫೈಬರ್ ದೋಣಿಗಳ ಹಿಂಬದಿಗೆ ಎಂಜಿನ್ ಕಚ್ಚಿಸುವವರಿಗೂ ಟ್ರಾನ್ಸಮ್‌ನೊಳಗಿನ ಪ್ಲೈವುಡ್ ಕೊಳೆಯುವ ಈ ತೊಂದರೆ ಹೊಸದಲ್ಲ; ಅಲ್ಲಿ ಅಂಟಿನ ಹೆಸರು ಯಾವುದೇ ಇರಲಿ, ಕೆರೆದು ಒಣಗಿಸುವ ಕ್ರಮ ಇದೇ.

ನಮ್ಮ ಪೊಟ್ಟಣದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿದೆ. ಅದನ್ನು ಈಗ ಮಗಳ ಗೆಳತಿಯ ಸನ್‌ಫಿಶ್ ದೋಣಿಗೆಂದು ತೆಗೆದಿಟ್ಟಿದ್ದೇವೆ. ಫ್ಯಾನ್ ಕಟ್ಟಿ ಮೂರು ವಾರವಾಯಿತು. ನಿನ್ನೆ ತೂಗಿದಾಗಲೂ ಅರ್ಧ ಕಿಲೋ ಇಳಿದಿತ್ತು, ಆದ್ದರಿಂದ ಬಾಟಲಿ ಇನ್ನೂ ತೆರೆದಿಲ್ಲ.